ಆರು ಮೀಟರಿನ ಬಿರುಕು

ಆಕೆ ನಮ್ಮ ಮನೆಯ ಮಹಡಿಯನ್ನು ನೋಡಲು ಬಂದ ದಿನ ಬಾಡಿಗೆಯ ಮಾತನ್ನೇ ಎತ್ತಲಿಲ್ಲ. ನೇರವಾಗಿ ಒಳಕೋಣೆಗೆ ಹೋಗಿ, ಬೆರಳ ಗೆಣ್ಣಿನಿಂದ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ತಟ್ಟುತ್ತಾ ನಡೆದಳು. ಒಂದೆಡೆ ನಿಂತು ಮತ್ತೊಮ್ಮೆ ತಟ್ಟಿದಳು. ಆಮೇಲೆ ನನ್ನ ಕಡೆಗೆ ತಿರುಗಿ, “ಮೇಷ್ಟ್ರೇ, ಇಲ್ಲೊಂದು ಬಾಗಿಲು ಇತ್ತಾ?” ಎಂದು ಕೇಳಿದಳು.

ಇತ್ತು. ಬಹಳ ಹಿಂದೆ ನಾನೇ ಅದನ್ನು ಮುಚ್ಚಿಸಿದ್ದೆ. ಅದರ ಮೇಲೆ ಗಾರೆಯಾಗಿ, ಮೂರು ಸಲ ಬಣ್ಣವೂ ಆಗಿ, ನನಗೇ ಮರೆತುಹೋಗಿತ್ತು.

“ಇವಳ ಜೊತೆ ಮನೆ ನೋಡೋಕೆ ಹೊರಟರೆ ಹೀಗೇ,” ಎಂದರು ಹಿಂದೆ ನಿಂತಿದ್ದ ಅವಳ ಅತ್ತೆ. “ಹಿಂದಿನ ಮನೆಯಲ್ಲಿ ನೆಲಕ್ಕೆ ಕಿವಿ ಇಟ್ಟಿದ್ದಳು. ಮನೆಯವರು ಹೆದರಿ ಬೀಗದ ಕೈಯನ್ನೇ ಕೊಡಲಿಲ್ಲ.”

“ಮದುವೆಗೆ ಮುಂಚೆ ನನ್ನ ತಲೆ ತಟ್ಟಿ ನೋಡಲಿಲ್ಲವಲ್ಲ, ಅದೇ ನನ್ನ ಪುಣ್ಯ,” ಎಂದ ಗಂಡ.

“ತಟ್ಟಿದ್ದರೆ ಅವತ್ತೇ ಟೊಳ್ಳು ಅಂತ ಗೊತ್ತಾಗ್ತಿತ್ತು,” ಎಂದರು ಆ ತಾಯಿ, ನಗದೆ.

ಮೂವರೂ ನನಗೆ ಹಿಡಿಸಿದರು. ಮುಂದಿನ ವಾರವೇ ಸಾಮಾನು ಬಂತು. ಇದು ಹನ್ನೆರಡು ವರ್ಷಗಳ ಹಿಂದಿನ ಮಾತು. ಅಂದಿನಿಂದ ಆಕೆಯನ್ನು ನಾನು ಮಹಡಿಯ ಮಗಳು ಎಂದೇ ಕರೆಯುತ್ತ ಬಂದಿದ್ದೇನೆ.

ಊರ ಹೊರಗಿನ ಬಯಲಿನಲ್ಲಿ ಅನಿಲದ ಬಾವಿಗಳಿವೆ. ಆ ಕಂಪನಿಯಲ್ಲಿ ಆಕೆ ಎಂಜಿನಿಯರ್. ನೆಲದೊಳಗೆ ಅನಿಲ ಎಲ್ಲಿದೆ, ಎಷ್ಟಿದೆ, ಅದನ್ನು ಹೇಗೆ ಹೊರಗೆ ತರಬೇಕು ಎಂದು ಹೇಳುವುದು ಆಕೆಯ ಕೆಲಸ. ಗಂಡ ಊರಿನ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುವವನು. ಹೆಂಡತಿ ತೆಗೆಸಿದ ಅನಿಲವನ್ನು ಗಂಡ ಉರಿಸುತ್ತಾನೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಷ್ಟೇ ಅಲ್ಲ, ನಿಜವೂ ಆಗಿತ್ತು. ಆ ಕಾರ್ಖಾನೆಗೆ ಬೇರೆ ಕಡೆಯಿಂದ ಅನಿಲ ಬರುವ ದಾರಿಯಿಲ್ಲ.

ಆಕೆಗೆ ಯಾವುದನ್ನೂ ಒಂದೇ ಸಲ ನೋಡಿ ನಂಬುವ ಅಭ್ಯಾಸವಿರಲಿಲ್ಲ. ಬೀಗ ಹಾಕಿ ಎಳೆದು ನೋಡುವಳು, ನಾಲ್ಕು ಮೆಟ್ಟಿಲು ಇಳಿದು ಮತ್ತೆ ಹತ್ತಿ ಎಳೆಯುವಳು. ಬಸ್ ನಿಲ್ದಾಣದವರೆಗೆ ಹೋಗಿ, ಒಲೆ ಆರಿಸಿದೆನೋ ಇಲ್ಲವೋ ಎಂದು ಓಡಿಬಂದದ್ದನ್ನು ನಾನು ಎಷ್ಟು ಸಲ ಕಂಡಿದ್ದೇನೋ. ಕಚೇರಿಯಲ್ಲಿ ಆಕೆಗೆ ಸಂಶಯದಮ್ಮ ಎಂದು ಹೆಸರಿಟ್ಟಿದ್ದರಂತೆ. ಅತ್ತೆಯ ದೂರು ಬೇರೆಯದು. “ಊರಿನ ಬೆಂಕಿಯನ್ನೆಲ್ಲ ಇವಳೇ ಕಾಯ್ತಾಳೆ, ಮೇಷ್ಟ್ರೇ. ಮನೆಯಲ್ಲಿ ಹಾಲು ಮಾತ್ರ ದಿನಾ ಉಕ್ಕಿ ಒಲೆ ಆರುತ್ತೆ.”

ಈಗ ನಾನು ಹೇಳಬೇಕೆಂದಿರುವುದು ಮೂರು ವರ್ಷಗಳ ಹಿಂದೆ ನಡೆದದ್ದು.

ಬಯಲಿನಲ್ಲಿ ಆಗ ಮೂರು ಬಾವಿಗಳಿದ್ದವು. ಒಂದನೆಯದು ನೀರು ತುಂಬಿ ಸತ್ತುಹೋಗಿತ್ತು. ಉಳಿದೆರಡು ವರ್ಷದಿಂದ ವರ್ಷಕ್ಕೆ ಸೊರಗುತ್ತಿದ್ದವು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಾಲ್ಕನೆಯದನ್ನು ಕೊರೆಯುತ್ತಿದ್ದರು. ಅದೇ ಕೊನೆಯ ಬಾವಿ. ಮತ್ತೊಂದಕ್ಕೆ ಅಲ್ಲಿ ಜಾಗವಿಲ್ಲ. ಆ ಬಾವಿಯೊಳಗೆ ಎಂಥ ಕೊಳವೆ ಇಳಿಸಬೇಕು ಎಂಬುದು ಪ್ರಶ್ನೆಯಾಗಿತ್ತು. ಮಾಮೂಲು ಕೊಳವೆಯೇ, ಅಥವಾ ಹೊಸ ಬಗೆಯ ವಾಲ್ವ್ ಕೊಳವೆಯೇ? ಹೊಸದು ನಮ್ಮ ನೆಲಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ಪರಿಶೀಲಿಸಿ ಅಭಿಪ್ರಾಯ ಬರೆಯುವ ಹೊಣೆ ಆಕೆಯ ಹೆಗಲಿಗೆ ಬಿತ್ತು.

ನನಗೆ ಅದನ್ನು ಆಕೆ ವಿವರಿಸಿದ್ದು ಒಂದು ಬೆಳಗ್ಗೆ, ಒಗೆದು ಒಣಗಿಸಿದ ಹೊದಿಕೆಗಳನ್ನು ಮಡಿಸುತ್ತಾ.

“ನೆಲದೊಳಗೆ ದೊಡ್ಡ ಗುಹೆ ಇರುತ್ತೆ, ಅದರಲ್ಲಿ ಗ್ಯಾಸ್ ತುಂಬಿರುತ್ತೆ ಅಂದ್ಕೊಂಡಿದ್ದೀರಲ್ವಾ?”

“ಮತ್ತೆ ಇನ್ನೆಲ್ಲಿ ತುಂಬಬೇಕಮ್ಮಾ?”

“ಕಲ್ಲಿನಲ್ಲೇ. ಬ್ರೆಡ್ಡಿನ ತುಂಡಿನಲ್ಲಿ ಹಾಲು ನಿಲ್ಲೋ ಹಾಗೆ ಸಣ್ಣ ಸಣ್ಣ ರಂಧ್ರಗಳಲ್ಲಿ.” ಆಕೆ ಒಂದು ಹೊದಿಕೆಯನ್ನು ಮಡಿಸಿ ಮಂಚದ ಮೇಲಿಟ್ಟಳು. “ಇದು ಕೆಳಗಿನ ಮರಳುಕಲ್ಲು.” ಅದರ ಮೇಲೆ ಗಂಡನ ಮಳೆಯಂಗಿಯನ್ನು ಹರಡಿದಳು. “ಇದು ಜೇಡಿಯ ಪದರ, ನಾಲ್ಕು ಮೀಟರ್ ದಪ್ಪ. ನೀರು ದಾಟಲ್ಲ.” ಮತ್ತೊಂದು ಹೊದಿಕೆ ಇಟ್ಟಳು. “ಇದು ಮೇಲಿನ ಮರಳುಕಲ್ಲು. ಎರಡರಲ್ಲೂ ಗ್ಯಾಸ್ ಇದೆ. ಎಲ್ಲಕ್ಕೂ ಕೆಳಗೆ ನೀರು. ಗ್ಯಾಸ್ ತೆಗೀತಾ ಹೋದ ಹಾಗೆ ನೀರು ಮೇಲೆ ಬರುತ್ತೆ. ಮೊದಲು ಕೆಳಗಿನ ಪದರಕ್ಕೆ ಬರುತ್ತೆ. ಮಾಮೂಲು ಕೊಳವೆ ಆದರೆ ಆ ನೀರು ಕೊಳವೆಯಲ್ಲಿ ನಿಂತು, ಮೇಲಿನ ಪದರದ ಗ್ಯಾಸಿಗೂ ಉಸಿರು ಕಟ್ಟಿಸುತ್ತೆ. ಬಾವಿ ಮುಳುಗಿತು ಅಂತೀವಿ. ಹೊಸ ಕೊಳವೆಯಲ್ಲಿ ಪದರಕ್ಕೊಂದು ವಾಲ್ವ್ ಇರುತ್ತೆ. ನೆಲದ ಮೇಲೆ ಕೂತುಕೊಂಡೇ ಕೆಳಗಿನ ವಾಲ್ವ್ ಮುಚ್ಚಿದರೆ ನೀರು ಅಲ್ಲೇ ನಿಲ್ಲುತ್ತೆ, ಮೇಲಿನ ಗ್ಯಾಸ್ ಬರ್ತಾನೇ ಇರುತ್ತೆ.”

“ಹಾಗಾದರೆ ಹಾಕಿಸಿಬಿಡಿ. ಇದರಲ್ಲಿ ಯೋಚನೆ ಏನಿದೆ?”

“ಮಳೆಯಂಗಿ ಹರಿದಿದ್ದರೆ?” ಎಂದಳು ಆಕೆ.

ಪ್ರಶ್ನೆಯೆಲ್ಲ ಅದೇ ಆಗಿತ್ತು. ನಡುವಿನ ಜೇಡಿಯ ಪದರ ಮುರಿದಿದ್ದರೆ, ಕೆಳಗಿನ ವಾಲ್ವನ್ನು ಮುಚ್ಚಿದರೂ ನೀರು ಆ ಮುರಿದ ಕಡೆಯಿಂದ ಸುತ್ತಿಕೊಂಡು ಮೇಲಿನ ಪದರಕ್ಕೆ ಬಂದೇ ಬರುತ್ತದೆ. ಲಾಭವಿಲ್ಲದೆ, ವಾಲ್ವುಗಳಿಂದ ಕೊಳವೆಯ ಒಳದಾರಿ ಕಿರಿದಾಗಿ ಅನಿಲ ಬರುವುದು ಮಾತ್ರ ಕಡಿಮೆಯಾಗುತ್ತದೆ.

ಆಕೆ ಮೂರೂ ಬಾವಿಗಳ ಅಳತೆಗಳನ್ನು ಮುಂದಿಟ್ಟುಕೊಂಡು ಎರಡು ತಿಂಗಳು ಕುಳಿತಳು. ಒಂದನೆಯ ಮತ್ತು ಎರಡನೆಯ ಬಾವಿಗಳಲ್ಲಿ ಜೇಡಿಯ ಪದರ ಒಂದೇ ಆಳದಲ್ಲಿತ್ತು. ಮೂರನೆಯದರಲ್ಲಿ ಅದು ಆರು ಮೀಟರ್ ಕೆಳಗಿತ್ತು. ನಡುವೆ ಎಲ್ಲೋ ನೆಲ ಬಿರಿದು ಆರು ಮೀಟರ್ ಜಾರಿದೆ ಎಂದು ಆಕೆ ನಿರ್ಧರಿಸಿದಳು. ನಾಲ್ಕು ಮೀಟರಿನ ಪದರ ಆರು ಮೀಟರ್ ಜಾರಿದರೆ ಒಂದರ ಕೊನೆ ಇನ್ನೊಂದಕ್ಕೆ ತಾಗುವುದೇ ಇಲ್ಲ. ನಡುವೆ ನೀರಿಗೆ ದಾರಿ ತೆರೆದುಕೊಳ್ಳುತ್ತದೆ. ನಕ್ಷೆಯ ಮೇಲೆ ಕೆಂಪು ಸೀಸದಲ್ಲಿ ಒಂದು ಗೆರೆ ಎಳೆದಳು. ಹೊಸ ತಂತ್ರ ಈ ನೆಲಕ್ಕೆ ಹೊಂದುವುದಿಲ್ಲ ಎಂದು ಬರೆದು ಸಹಿ ಹಾಕಿದಳು.

ಹಾಗೆ ಬರೆಯುವುದಕ್ಕೆ ಧೈರ್ಯ ಬೇಕಿತ್ತು. ಕಚೇರಿಯ ಮುಖ್ಯಸ್ಥರಿಗೆ ಹೊಸ ವಾಲ್ವುಗಳ ಮೇಲೆ ಮನಸ್ಸಿತ್ತು. ಮಾರುವ ಕಂಪನಿಯವನು ಬಣ್ಣಬಣ್ಣದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ, “ಮೇಡಂ, ಇಡೀ ಪ್ರಪಂಚ ಈ ಕಡೆಗೇ ಹೋಗ್ತಾ ಇದೆ,” ಎಂದನಂತೆ. “ಇಡೀ ಪ್ರಪಂಚದ ಕೆಳಗೆ ಇದೇ ಕಲ್ಲು ಇಲ್ಲವಲ್ಲ,” ಎಂದಳಂತೆ ಇವಳು. ಮುಖ್ಯಸ್ಥರು ಅರ್ಧ ಗಂಟೆ ಗೆರೆಯನ್ನೇ ನೋಡಿ, ಕೊನೆಗೆ ಇವಳ ಮಾತನ್ನೇ ಎತ್ತಿಹಿಡಿದರು. ಮಾಮೂಲು ಕೊಳವೆ ಎಂದು ತೀರ್ಮಾನವಾಯಿತು.

ಈ ಸುದ್ದಿ ಕಾರ್ಖಾನೆಗೆ ಹೋಗಿ, ಅಲ್ಲಿಂದ ಬೀದಿಗೆ ಬಂತು. ದೊಡ್ಡ ಕಂಪನಿಯನ್ನು ಬರಿಗೈಯಲ್ಲಿ ಕಳಿಸಿದ ಹೆಣ್ಣುಮಗಳು ಎಂದು ಜನ ಹೊಗಳಿದರು. ನಾನೂ ನಾಲ್ಕು ಕಡೆ ಹೇಳಿಕೊಂಡು ಬಂದೆ ಎಂಬುದನ್ನು ಮುಚ್ಚಿಡಲಾರೆ.

ಆದರೆ ಆಕೆಯ ಮುಖದಲ್ಲಿ ಗೆಲುವಿರಲಿಲ್ಲ. ಊಟಕ್ಕೆ ಕುಳಿತು ಕೈಯಾಡಿಸಿ ಎದ್ದುಬಿಡುತ್ತಿದ್ದಳಂತೆ. “ಗೆದ್ದ ಮೇಲೂ ಹೀಗಿದ್ದರೆ ಸೋತಿದ್ದರೆ ಹೇಗಿರ್ತಿದ್ದಳೋ,” ಎಂದು ಅತ್ತೆ ನನ್ನ ಬಳಿ ಬಂದು ಅಲವತ್ತುಕೊಂಡರು. ನಾನೇ ಒಂದು ದಿನ ಕೇಳಿದೆ. “ಏನೋ ಲೆಕ್ಕಕ್ಕೆ ಕೂತಿಲ್ಲ, ಮೇಷ್ಟ್ರೇ. ಏನು ಅಂತ ಗೊತ್ತಾಗ್ತಿಲ್ಲ,” ಎಂದಷ್ಟೇ ಹೇಳಿದಳು.

ಕೊರೆಯುವುದು ಮುಗಿಯಿತು. ಸೋಮವಾರ ಬೆಳಗ್ಗೆ ಕೊಳವೆ ಇಳಿಸಲು ಆರಂಭಿಸುವುದಿತ್ತು. ಅದರ ಹಿಂದಿನ ಶನಿವಾರ ನಾನೂ ಅವಳ ಗಂಡನೂ ತಾರಸಿಯ ಮೇಲಿನ ನೀರಿನ ತೊಟ್ಟಿಗಳನ್ನು ತೊಳೆಯಲು ಹತ್ತಿದ್ದೆವು. ಎರಡು ತೊಟ್ಟಿಗಳು, ಬುಡದಲ್ಲಿ ಎರಡನ್ನೂ ಸೇರಿಸುವ ಒಂದು ಪೈಪು. ಒಂದನ್ನು ಖಾಲಿ ಮಾಡಿ ಇನ್ನೊಂದರಲ್ಲಿ ನೀರು ಉಳಿಸಿಕೊಳ್ಳೋಣ ಎಂದು ನಮ್ಮ ಲೆಕ್ಕಾಚಾರ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅತ್ತೆಯ ಕೂಗು ಬಂತು. “ನಲ್ಲಿಯಲ್ಲಿ ನೀರೇ ಇಲ್ಲ! ಇಬ್ಬರು ಗಂಡಸರು ಸೇರಿ ಮಾಡಿದ ಕೆಲಸ ನೋಡು!”

ಗಂಡ ಎರಡನೆಯ ತೊಟ್ಟಿಯೊಳಗೆ ಇಣುಕಿ ನಾಲಿಗೆ ಕಚ್ಚಿಕೊಂಡ. “ಮಧ್ಯದ ನಲ್ಲಿ ಮುಚ್ಚೋದನ್ನೇ ಮರೆತೆ, ಮೇಷ್ಟ್ರೇ. ಇದೂ ಅದರ ಜೊತೆಗೇ ಇಳಿದುಬಿಟ್ಟಿದೆ.”

ಆಕೆ ಒದ್ದೆ ಬಟ್ಟೆಗಳ ಬಕೆಟ್ಟು ಹಿಡಿದು ಆಗತಾನೆ ಮೇಲೆ ಬಂದಿದ್ದಳು. ಬಂದು ಒಂದು ತೊಟ್ಟಿಯಲ್ಲಿ ಇಣುಕಿದಳು, ಇನ್ನೊಂದರಲ್ಲಿ ಇಣುಕಿದಳು. ಬಕೆಟ್ಟು ಕೈಯಲ್ಲೇ ಇತ್ತು. ಬಟ್ಟೆಗಳಿಂದ ನೀರು ಆಕೆಯ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

“ಎರಡೂ ಒಂದೇ ಮಟ್ಟದಲ್ಲಿದೆ,” ಎಂದಳು.

“ಇರದೆ ಇನ್ನೇನು? ಪೈಪು ಇದೆಯಲ್ಲೇ ಮಧ್ಯೆ,” ಎಂದ ಗಂಡ.

“ಅದನ್ನೇ ಹೇಳ್ತಾ ಇದೀನಿ!” ಎಂದು ಆಕೆ ಬಹುತೇಕ ಕಿರಿಚಿದಳು. ನಮಗಿಬ್ಬರಿಗೂ ಏನೂ ತಿಳಿಯಲಿಲ್ಲ. ಆಕೆ ತೊಟ್ಟಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. “ಬಿರುಕಿನ ಮೂಲಕ ನೀರು ಹರಿಯುತ್ತೆ ಅಂತ ನಾನೇ ಬರೆದೆ. ಹರಿಯೋದಾದರೆ ಬಿರುಕಿನ ಈಚೆಗೂ ಆಚೆಗೂ ನೀರು ಒಂದೇ ಮಟ್ಟದಲ್ಲಿ ಇರಬೇಕಲ್ವಾ? ಮೂರನೇ ಬಾವಿಯಲ್ಲಿ ನೀರೂ ಆರು ಮೀಟರ್ ಕೆಳಗಿದೆ.”

“ಹಾಗಾದರೆ ಹರಿಯೋದಿಲ್ಲವೇನೋ,” ಎಂದೆ ನಾನು.

“ಹರಿಯದೆ ಇದ್ದರೂ ಕಲ್ಲು ಜಾರಿದಷ್ಟೇ ನೀರೂ ಜಾರೋಕೆ ನೀರೇನು ಕಲ್ಲಿಗೆ ಅಂಟಿಕೊಂಡಿದೆಯಾ? ಜೇಡಿ ಆರು, ನೀರು ಆರು, ಮೇಲಿನ ಕಲ್ಲೂ ಆರು. ಎಲ್ಲವೂ ಸರಿಯಾಗಿ ಆರೇ ಮೀಟರ್ ಕೆಳಗಿದೆ ಅಂದರೆ ಕೆಳಗೆ ಏನೂ ಜಾರಿಲ್ಲ, ಮೇಷ್ಟ್ರೇ. ಅಳೆದವರು ಜಾರಿದ್ದಾರೆ.”

ಬಟ್ಟೆಗಳು ಬಕೆಟ್ಟಿನಲ್ಲೇ ಉಳಿದವು. ಆಕೆ ಹಾಗೆಯೇ ಚಪ್ಪಲಿ ಮೆಟ್ಟಿ ಕಚೇರಿಗೆ ಹೋದಳು. ರಜೆಯ ದಿನ, ಕಾವಲುಗಾರನಿಂದ ದಾಖಲೆಕೋಣೆಯ ಬೀಗ ತೆಗೆಸಿದಳಂತೆ. ಸಂಜೆ ಬಂದವಳು ನನ್ನ ಅಂಗಳದ ಬೆಂಚಿನ ಮೇಲೆ ಕುಳಿತು, ಯಾರಿಗೋ ಪಾಠ ಒಪ್ಪಿಸುವವಳಂತೆ ಹೇಳಿದಳು.

ಬಾವಿಯ ಆಳವನ್ನು ನೆಲದಿಂದ ಎಣಿಸುವುದಿಲ್ಲವಂತೆ. ಕೊರೆಯುವ ಯಂತ್ರಕ್ಕೆ, ಅಂದರೆ ರಿಗ್‌ಗೆ, ಒಂದು ಅಟ್ಟ ಇರುತ್ತದೆ. ಕೆಲಸಗಾರರು ನಿಲ್ಲುವುದು ಅದರ ಮೇಲೆ. ಆಳವನ್ನು ಎಣಿಸುವುದೂ ಆ ಅಟ್ಟದಿಂದಲೇ. ಬಾವಿ ಮುಗಿದ ಮೇಲೆ ರಿಗ್ ಹೊರಟುಹೋಗುತ್ತದೆ, ಅಟ್ಟವೂ ಹೋಗುತ್ತದೆ; ಅದು ನೆಲದಿಂದ ಎಷ್ಟು ಎತ್ತರವಿತ್ತು ಎಂಬುದು ದಾಖಲೆಯ ಮೊದಲ ಪುಟದಲ್ಲಿ ಮಾತ್ರ ಉಳಿಯುತ್ತದೆ. ಒಂದನೆಯ, ಎರಡನೆಯ ಬಾವಿಗಳಿಗೆ ಐದು ಮೀಟರ್ ಎಂದಿತ್ತು. ಮೂರನೆಯ ಬಾವಿಯ ದಾಖಲೆಯಲ್ಲಿ ಮೊದಲ ಪುಟವೇ ಇರಲಿಲ್ಲ.

“ಕಂಪ್ಯೂಟರಿನಲ್ಲಿ ಅದಕ್ಕೂ ಐದು ಅಂತಲೇ ಇದೆ,” ಎಂದಳು. “ಅದನ್ನ ತುಂಬಿಸಿದ್ದು ನಾನೇ. ಕೆಲಸಕ್ಕೆ ಸೇರಿದ ವರ್ಷ. ಹಳೇ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕು ಅಂದಿದ್ದರು. ಆ ಜಾಗ ಖಾಲಿ ಬಿಟ್ಟರೆ ಮುಂದಕ್ಕೆ ಹೋಗ್ತಿರಲಿಲ್ಲ. ಪಕ್ಕದ ಬಾವಿಗಳಿಗೆ ಐದು ಇದೆಯಲ್ಲ, ಸದ್ಯಕ್ಕೆ ಐದು ಹಾಕಿ ಆಮೇಲೆ ವಿಚಾರಿಸೋಣ ಅಂತ ಹಾಕಿದೆ. ವಿಚಾರಿಸಲೇ ಇಲ್ಲ.”

ಒಲೆಯನ್ನು ಮೂರು ಸಲ ನೋಡುವವಳು ಅದೊಂದನ್ನು ನೋಡಿರಲಿಲ್ಲ.

ಮರುದಿನ ಬೆಳಗ್ಗೆಯೇ ಆಕೆ ನನ್ನನ್ನು ಕರೆದುಕೊಂಡು ಹಳೆಯ ರಿಗ್ ಮೇಸ್ತ್ರಿಯ ಮನೆಗೆ ಹೊರಟಳು. ಮೂರೂ ಬಾವಿಗಳನ್ನು ಕೊರೆದದ್ದು ಆತನ ಕೈಕೆಳಗೆ. ಆತನ ಮಗ ನನ್ನ ಬಳಿ ಓದಿದವನು. “ನೀವೂ ಬನ್ನಿ, ಮೇಷ್ಟ್ರೇ. ಒಬ್ಬಳೇ ಹೋದರೆ ನನಗೆ ಬೇಕಾದ ಉತ್ತರವನ್ನೇ ಅವರ ಬಾಯಿಂದ ಹೊರಡಿಸಿಬಿಡ್ತೀನಿ,” ಎಂದಳು. ಆಕೆಗೆ ಬೇಕಾದ ಉತ್ತರ ಯಾವುದೆಂದು ನಾನು ಕೇಳಲಿಲ್ಲ. ಅಟ್ಟ ಐದೇ ಮೀಟರಿದ್ದರೆ ಆಕೆಯ ಸಹಿ ಉಳಿಯುತ್ತಿತ್ತು.

ಮೇಸ್ತ್ರಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದ. ಚಹಾ ಬಂತು. ಆಕೆ ಎತ್ತರದ ಮಾತನ್ನೇ ಎತ್ತದೆ, “ಮೂರನೇ ಬಾವಿಯ ಕೆಲಸ ನೆನಪಿದೆಯಾ, ಅಣ್ಣಾ?” ಎಂದಳು.

“ಮರೆಯೋಕಾಗುತ್ತಾ ತಾಯಿ? ಈ ಮಂಡಿ ಹೋಗಿದ್ದೇ ಅಲ್ಲಿ. ಮೊದಲಿನ ಎರಡಕ್ಕೆ ಇದ್ದಿದ್ದು ಪುಟ್ಟ ರಿಗ್. ಓಡಿ ಹತ್ತಿ ಓಡಿ ಇಳೀತಿದ್ದೆ. ಮೂರನೇದಕ್ಕೆ ಎಲ್ಲಿಂದಲೋ ಆನೆಯಂಥದ್ದು ತಂದರು. ಮೆಟ್ಟಿಲು ಹತ್ತೋದರೊಳಗೆ ಕೆಳಗೆ ಯಾಕೆ ಬಂದಿದ್ದೆ ಅನ್ನೋದೇ ಮರೆತುಹೋಗ್ತಿತ್ತು.”

ಆಕೆ ಲೋಟವನ್ನು ಕೆಳಗಿಟ್ಟಳು. “ಎಷ್ಟು ಮೆಟ್ಟಿಲು?”

“ಎಣಿಸಿದವರು ಯಾರಮ್ಮಾ? ಬೈಕೊಂಡು ಹತ್ತಿದ್ದೇ ಆಯ್ತು.” ಆಮೇಲೆ ಏನೋ ನೆನಪಾಗಿ, “ಫೋಟೋ ಇದೆ ನೋಡು,” ಎಂದು ಒಳಗಿನ ಗೋಡೆ ತೋರಿಸಿದ.

ಹನ್ನೊಂದು ಮಂದಿ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಹಿಂದೆ ರಿಗ್, ಅದಕ್ಕೆ ಒರಗಿಸಿದ ಕಬ್ಬಿಣದ ಮೆಟ್ಟಿಲಸಾಲು. ಆಕೆ ಚೀಲದಿಂದ ಭೂತಗನ್ನಡಿ ತೆಗೆದು ಎಣಿಸಿದಳು. ನಲವತ್ತನಾಲ್ಕು. ನನ್ನ ಕೈಗೆ ಕೊಟ್ಟಳು. ನನಗೆ ನಲವತ್ತಮೂರು ಬಂತು. ಮತ್ತೆ ಎಣಿಸಿದೆ, ಒಬ್ಬನ ಟೋಪಿಯ ಹಿಂದೆ ಒಂದು ಅಡಗಿತ್ತು. ನಲವತ್ತನಾಲ್ಕೇ. ಇಂಥ ಮೆಟ್ಟಿಲು ಒಂದೊಂದೂ ಕಾಲು ಮೀಟರಂತೆ. ಹನ್ನೊಂದು ಮೀಟರ್. ಐದನ್ನು ಕಳೆದರೆ ಆರು.

“ಮೆಟ್ಟಿಲು ಎಣಿಸೋಕೂ ಎಂಜಿನಿಯರ್ ಬೇಕಾ ಈಗ?” ಎಂದು ಮೇಸ್ತ್ರಿ ನಗುತ್ತಿದ್ದ. ಆಕೆ ಆ ಫೋಟೋವನ್ನು ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡಳು.

ಬಿರುಕು ಇರಲೇ ಇಲ್ಲ. ಜೇಡಿಯ ಪದರ ಮೂರೂ ಬಾವಿಗಳ ಕೆಳಗೆ ಒಂದೇ ಮಟ್ಟದಲ್ಲಿ ಹಾಸಿಕೊಂಡಿತ್ತು. ವಾಲ್ವುಗಳು ಈ ನೆಲಕ್ಕೆ ಹೊಂದುತ್ತಿದ್ದವು. ಮಾರುವವನು ಹೇಳಿದ್ದೇ ಸರಿಯಾಗಿತ್ತು.

ಮನೆಗೆ ಬಂದು ಗಂಡನಿಗೂ ಅತ್ತೆಗೂ ಹೇಳಿದಳು. ನಾನು ಹೊರಡಲು ಎದ್ದರೆ, “ಕೂತ್ಕೊಳ್ಳಿ ಮೇಷ್ಟ್ರೇ, ಸಾಕ್ಷಿ ಇರಲಿ,” ಎಂದರು ಅತ್ತೆ.

ಆಕೆಯೆಂದಳು, “ಆರು ವಾರದ ಹಿಂದೆ ಎದ್ದು ನಿಂತು ಬೇಡ ಅಂದವಳು. ಈಗ ಬೇಕು ಅಂದರೆ ಏನಂತಾರೆ? ವಾಲ್ವ್ ಕಂಪನಿಯವರು ಮನೆಗೆ ಬಂದು ಹೋದರು ಅಂತಾರೆ.”

“ಅಂದೇ ಅಂತಾರೆ,” ಎಂದರು ಅತ್ತೆ. “ಈ ಮೆಟ್ಟಿಲಿನ ಕಥೆ ಗೊತ್ತಿರೋದು ಯಾರಿಗೆ? ನಿನಗೆ, ಮೇಷ್ಟ್ರಿಗೆ. ಆ ಮಂಡಿನೋವಿನವನಿಗೆ ಏನೂ ಅರ್ಥ ಆಗಿಲ್ಲ. ನಾಳೆ ಕೊಳವೆ ಇಳಿದುಬಿಟ್ಟರೆ ಮುಗೀತು.”

“ಅಮ್ಮಾ!” ಎಂದ ಗಂಡ.

“ನಾನು ಸುಮ್ಮನಿರು ಅಂತ ಹೇಳಿದೆನೇನೋ? ಗೊತ್ತಿರೋದು ಯಾರಿಗೆ ಅಂತ ಕೇಳಿದೆ.”

ಗಂಡ ಕುರ್ಚಿಯನ್ನು ಹೆಂಡತಿಯ ಎದುರಿಗೆ ಎಳೆದುಕೊಂಡು ಕುಳಿತ. ಆಮೇಲೆ ಕೇಳಿದ, “ಮಾಮೂಲು ಕೊಳವೆ ಆದರೆ ಎಷ್ಟು ದಿನ ಬಾಳುತ್ತೆ?”

“ನೀರು ಬರೋವರೆಗೆ. ಎರಡು ವರ್ಷ. ಹೆಚ್ಚೆಂದರೆ ಮೂರು.”

“ಆಮೇಲೆ?”

ಆಮೇಲೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಗಾಜಿನ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಆರಿಸುವಂತಿಲ್ಲ. ಆರಿದರೆ ಒಳಗಿನ ಗಾಜು ಬಂಡೆಯಾಗಿ ಗಟ್ಟಿಯಾಗುತ್ತದೆ, ಕುಲುಮೆಯನ್ನೇ ಒಡೆಯಬೇಕಾಗುತ್ತದೆ. ನಾನೂರು ಮಂದಿಯ ಅನ್ನ ಆ ಬೆಂಕಿಯಲ್ಲಿತ್ತು.

“ಈಗ ವಾಲ್ವ್ ತರಿಸೋಕೆ ಎಷ್ಟು ದಿನ ಬೇಕು?” ಎಂದು ಮತ್ತೆ ಕೇಳಿದ.

“ನಾಲ್ಕು ತಿಂಗಳು. ಅಲ್ಲಿಯವರೆಗೆ ಈಗಿರೋ ಎರಡು ಬಾವಿಯಲ್ಲೇ ದೂಡಬೇಕು. ನಿಮ್ಮ ಎರಡು ಕುಲುಮೆಗೆ ಸಾಲಲ್ಲ.”

“ಅಂದರೆ ಒಂದು ಕುಲುಮೆ ಈಗಲೇ ಆರುತ್ತೆ.”

“ಹೌದು.”

“ನನ್ನದೇ ಆಗಿರಲಿ ಅಂತ ಬೇಡ್ಕೊಳ್ತೀನಿ. ಬೇರೆಯವರದಾದರೆ ಮುಖ ತೋರಿಸೋಕಾಗಲ್ಲ,” ಎಂದು ಎದ್ದು ಅಂಗಿ ತೊಟ್ಟ. “ನಡಿ. ಮುಖ್ಯಸ್ಥರ ಮನೆಗೆ ನಾನೇ ಬಿಟ್ಟು ಬರ್ತೀನಿ.”

ಆ ಮನೆಯಲ್ಲಿ ನಡೆದದ್ದನ್ನು ಆಕೆಯೇ ನನಗೆ ಆಮೇಲೆ ಹೇಳಿದಳು. ಮುಖ್ಯಸ್ಥರು ಕುಂಡಗಳಿಗೆ ನೀರು ಹಾಕುತ್ತಿದ್ದರಂತೆ. ಕೇಳುತ್ತಾ ಕೇಳುತ್ತಾ ಒಂದೇ ಕುಂಡಕ್ಕೆ ಸುರಿಯುತ್ತಾ ನಿಂತರಂತೆ. ನೀರು ತುಂಬಿ ಚಪ್ಪಲಿಗೆ ಹರಿದ ಮೇಲೆ ನಿಲ್ಲಿಸಿದರಂತೆ.

“ನಿನ್ನ ಮಾತಿನ ಮೇಲೆ ನಾನು ಎಲ್ಲರನ್ನೂ ಎದುರುಹಾಕಿಕೊಂಡೆ.”

“ಹೌದು ಸರ್.”

“ಈಗ ಒಂದು ಗ್ರೂಪ್ ಫೋಟೋ ತಂದು ಎಲ್ಲ ಉಲ್ಟಾ ಅಂತಿದೀಯ.”

“ಫೋಟೋ ಸಾಲದು ಅಂತ ನನಗೂ ಗೊತ್ತು ಸರ್. ರಿಗ್ ಬಾಡಿಗೆಗೆ ಕೊಟ್ಟವರ ಹತ್ತಿರ ನಕ್ಷೆ ಇರುತ್ತೆ. ನಾಳೆ ಬೆಳಗ್ಗೆ ಅವರ ಕಚೇರಿ ತೆಗೆಯುತ್ತೆ. ಅಲ್ಲಿಯವರೆಗೆ ಕೊಳವೆ ಇಳಿಸೋದು ನಿಲ್ಲಿಸಿ, ಅಷ್ಟೇ.”

“ನಕ್ಷೆಯಲ್ಲಿ ಐದು ಅಂತ ಇದ್ದರೆ?”

“ಇದ್ದರೆ ನನ್ನನ್ನ ಮನೆಗೆ ಕಳಿಸಿ.”

“ಹನ್ನೊಂದು ಅಂತ ಇದ್ದರೆ?”

ಮುಖ್ಯಸ್ಥರೇ ಹೇಳಿದರಂತೆ, “ಆಗ ತಪ್ಪು ನಿನ್ನದು ಅಂತ ನಿನ್ನ ಬಾಯಿಂದಲೇ, ಎಲ್ಲರೆದುರು ಹೇಳಬೇಕು. ನಾನು ಹೇಳಲ್ಲ.” ಆಮೇಲೆ ಒಳಗೆ ಹೋಗಿ ಫೋನ್ ಮಾಡಿ ಕೆಲಸ ನಿಲ್ಲಿಸಿದರಂತೆ.

ಸೋಮವಾರ ಹತ್ತೂವರೆಗೆ ನಕ್ಷೆ ಬಂತು. ಅಟ್ಟದ ಎತ್ತರ ಹನ್ನೊಂದು ಮೀಟರ್. ಮಧ್ಯಾಹ್ನದ ಸಭೆಯಲ್ಲಿ ಆಕೆ ಎದ್ದು ನಿಂತು, ಮೊದಲ ಪುಟವಿಲ್ಲದ ದಾಖಲೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಹೊಸಬಳಾಗಿದ್ದಾಗ ತಾನು ಸುಮ್ಮನೆ ತುಂಬಿದ ಅಂಕಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕೆಂಪು ಗೆರೆಯನ್ನು ಅಲ್ಲಿಯೇ ಅಳಿಸಲು ಹೋದಳಂತೆ. ಮುಖ್ಯಸ್ಥರು ತಡೆದು, “ಇರಲಿ ಬಿಡು. ಪಕ್ಕದಲ್ಲಿ ಬರೆದು ಸಹಿ ಹಾಕು,” ಎಂದರಂತೆ.

ಆಮೇಲಿನ ನಾಲ್ಕು ತಿಂಗಳು ಆ ಮನೆ ಹೇಗೆ ಕಳೆಯಿತೆಂದು ಬರೆಯಲು ನನಗೆ ಇಷ್ಟವಿಲ್ಲ. ಆಕೆ ಹೆದರಿದ್ದ ಮಾತನ್ನೇ ಜನ ಆಡಿದರು. ಹೊಗಳಿದ ಬಾಯಿಗಳೇ. ಬೇಕರಿಯಲ್ಲಿ ಒಬ್ಬ ನನ್ನೆದುರೇ, “ಮಹಡಿಗೆ ಹೊಸ ಫ್ರಿಜ್ ಬಂತಾ, ಮೇಷ್ಟ್ರೇ?” ಎಂದು ಕಣ್ಣು ಮಿಟುಕಿಸಿದ. ನಾನು ಅಲ್ಲಿ ಬ್ರೆಡ್ಡು ಕೊಳ್ಳುವುದನ್ನೇ ಬಿಟ್ಟೆ. ಆರಿದ್ದು ಗಂಡನ ಕುಲುಮೆಯಲ್ಲ, ಪಕ್ಕದ್ದು. ಅದರ ಗಾಜನ್ನು ಸುತ್ತಿಗೆಯಿಂದ ಒಡೆದು ತೆಗೆಯುವ ಸದ್ದು ವಾರಗಟ್ಟಲೆ ಕೇಳುತ್ತಿತ್ತು. ಆ ಕುಲುಮೆಯವರು ಈ ಗಂಡನೊಡನೆ ಮಾತು ಬಿಟ್ಟರು. ಆತ ಊಟದ ಡಬ್ಬಿಯನ್ನು ಒಂಟಿಯಾಗಿ ತೆರೆಯತೊಡಗಿದ. ಆದರೂ ಮನೆಯಲ್ಲಿ ಒಂದು ದಿನವೂ ಹೆಂಡತಿಗೆ ಚುಚ್ಚಿ ಆಡಲಿಲ್ಲ. ಬೀದಿಯಲ್ಲಿ ಸೊಸೆಯ ಪರವಾಗಿ ಜಗಳಕ್ಕೆ ನಿಂತವರು ಅತ್ತೆ. “ಲಂಚ ತಗೊಳ್ಳೋ ಬುದ್ಧಿ ಇದ್ದಿದ್ದರೆ ನನ್ನ ಮಗನನ್ನ ಯಾಕೆ ಮದುವೆ ಆಗ್ತಿದ್ದಳು?” ಎಂದು ಅವರು ಗೇಟಿನಲ್ಲಿ ನಿಂತು ಕೇಳುತ್ತಿದ್ದರು.

ವಾಲ್ವುಗಳು ಬಂದವು, ಕೊಳವೆ ಇಳಿಯಿತು. ನಾಲ್ಕನೆಯ ಬಾವಿಯಿಂದ ಅನಿಲ ಬಂತು. ಒಂದು ವರ್ಷದ ಮೇಲೆ ಒಡೆದ ಕುಲುಮೆಯನ್ನು ಮತ್ತೆ ಕಟ್ಟಿದರು. ಆಕೆಗೆ ಬರಬೇಕಿದ್ದ ಬಡ್ತಿ ಆ ವರ್ಷ ಬೇರೆಯವರಿಗೆ ಹೋಯಿತು. ಆಕೆ ಅದರ ಬಗ್ಗೆ ನನ್ನ ಬಳಿ ಒಂದು ಮಾತೂ ಆಡಿದ್ದಿಲ್ಲ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎನ್ನಬಹುದಾಗಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಹೋದ ಮಳೆಗಾಲದಲ್ಲಿ ಕೆಳಗಿನ ಪದರದಿಂದ ಉಪ್ಪುನೀರು ಕಾಣಿಸಿಕೊಂಡಿತು. ಆಕೆ ಆ ವಾಲ್ವನ್ನು ಅರ್ಧ ಮುಚ್ಚಿಸಿದಳು. ನೀರು ಕಡಿಮೆಯಾಯಿತು. ಮೇಲಿನ ಪದರ ಇನ್ನೂ ಒಣಗಿಯೇ ಇದೆ. “ಹಾಗಾದರೆ ನಿನ್ನ ಮಳೆಯಂಗಿ ಹರಿದಿಲ್ಲ,” ಎಂದೆ ನಾನು ಸಂತೋಷದಿಂದ. ಆಕೆ ತಲೆಯಾಡಿಸಿದಳು. “ಇನ್ನೂ ಪೂರ್ತಿ ಮುಚ್ಚಿ ನೋಡಿಲ್ಲ, ಮೇಷ್ಟ್ರೇ. ಪೂರ್ತಿ ಮುಚ್ಚಿದ ಮೇಲೆ ಎರಡು ವರ್ಷ ಒಣಗಿದ್ದರೆ ಆಗ ಹೇಳ್ತೀನಿ. ಮೂರು ಕಡೆ ತೂತು ಕೊರೆದು ಮಧ್ಯದ್ದನ್ನೆಲ್ಲ ಊಹಿಸಿದ್ದು ನಾವು.”

ನೆಲದಡಿಯ ವಾಲ್ವುಗಳನ್ನು ಆಡಿಸದೆ ಬಿಟ್ಟರೆ ಉಪ್ಪು ಕಟ್ಟಿ ಹಾಗೆಯೇ ಕಚ್ಚಿಕೊಳ್ಳುತ್ತವಂತೆ. ಬೇಕಾದ ದಿನ ಮುಚ್ಚುವುದಿಲ್ಲವಂತೆ. ಹಾಗಾಗಿ ತಿಂಗಳಿಗೊಮ್ಮೆ ಅವನ್ನು ಅತ್ತಿತ್ತ ಸ್ವಲ್ಪ ಆಡಿಸಿ ನೋಡಬೇಕು. ಆ ಕೆಲಸಕ್ಕೆ ಕಚೇರಿಯಲ್ಲಿ ಕಿರಿಯರಿದ್ದಾರೆ. ಆಕೆ ಯಾರನ್ನೂ ಕಳಿಸುವುದಿಲ್ಲ, ತಾನೇ ಹೋಗುತ್ತಾಳೆ. ಗುಂಡಿ ಒತ್ತಿದ ಮೇಲೆ ಕೆಳಗಿನ ವಾಲ್ವು ಅಲುಗಿತೆಂದು ಮೇಲಿನ ಮಾಪಕ ತೋರಿಸಲು ಏಳೆಂಟು ನಿಮಿಷ ಬೇಕಂತೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಬೇಲಿಯೊಳಗೆ ಎದೆಮಟ್ಟದ ಕಬ್ಬಿಣದ ಕಂಬ, ಪಕ್ಕದಲ್ಲಿ ತಗಡಿನ ಗೂಡು. ನೋಡುವುದಕ್ಕೆ ಏನೂ ಇಲ್ಲ. ಆಕೆ ಆ ಏಳೆಂಟು ನಿಮಿಷವೂ ಮಾಪಕದ ಮುಂದಿನಿಂದ ಅಲುಗಲಿಲ್ಲ, ನನ್ನ ಮಾತಿಗೂ ಓಗೊಡಲಿಲ್ಲ. ಮುಳ್ಳು ಕದಲಿದ ಮೇಲೆಯೇ ಉಸಿರು ಬಿಟ್ಟಳು. ಆಮೇಲೆ ಹೊತ್ತನ್ನು ಪುಸ್ತಕದಲ್ಲಿ ಬರೆದು, ಗೂಡಿಗೆ ಬೀಗ ಹಾಕಿ, ಎಳೆದು ನೋಡಿ, ಎರಡನೆಯ ವಾಲ್ವಿನ ಕಡೆಗೆ ಹೋದಳು.

ಇವತ್ತೂ ಅದೇ ಕೆಲಸಕ್ಕೆ ಹೋಗಿದ್ದಾಳೆ. ಕೆಳಗಿನ ವಾಲ್ವನ್ನು ಮೊದಲ ಸಲ ಪೂರ್ತಿಯಾಗಿ ಮುಚ್ಚುವ ದಿನವಂತೆ. ಆಕೆ ಹೇಳಿದ ಎರಡು ವರ್ಷದ ಎಣಿಕೆ ಇವತ್ತಿನಿಂದ.